ಅಲ್ಲಿಂದಲೇ ಚಂದ ಬರುತ್ತದೆ

ಕೋಲಸಿರ್ಸಿಯ ಚೇತನಾ ಫೋಟೋ ತೆಗೆಯುವವಳಾಗಬೇಕೆಂದು ಯಾರೂ ಅಂದುಕೊಂಡಿರಲಿಲ್ಲ, ಅವಳೂ ಅಂದುಕೊಂಡಿರಲಿಲ್ಲ. ಪಿಯುಸಿ ಮುಗಿದ ಮೇಲೆ ಸಿದ್ದಾಪುರ ಪೇಟೆಯ ವಿನೋದನ ಸ್ಟುಡಿಯೋದಲ್ಲಿ ಆಲ್ಬಮ್ ಜೋಡಿಸುವ ಕೆಲಸಕ್ಕೆ ಸೇರಿದಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಕಂಪ್ಯೂಟರಿನ ಮುಂದೆ ಕೂತು ಬೇರೆಯವರು ತೆಗೆದ ಮದುವೆಗಳನ್ನು ಪುಟಕ್ಕೆ ಹೊಂದಿಸುವುದು ಅವಳ ಕೆಲಸ. ಹೊಂದಿಸುತ್ತ ಹೊಂದಿಸುತ್ತ, ಯಾವ ಚಿತ್ರ ಯಾಕೆ ಕೆಟ್ಟಿತು ಎನ್ನುವುದು ತಾನಾಗಿ ತಿಳಿಯತೊಡಗಿತು. ಒಂದು ಸೀಮಂತದ ದಿನ ವಿನೋದನಿಗೆ ಜ್ವರ ಬಂದು, ಕ್ಯಾಮರಾವನ್ನು ಇವಳ ಕೈಗೆ ಕೊಟ್ಟು ಕಳಿಸಿದ. ಊರಿನದೇ ಮನೆ. ಕ್ಯಾಮರಾ ಹಿಡಿದವಳು ಹೆಂಗಸಾದರೆ ಬಸುರಿ ಸೆರಗು ಎಳೆದುಕೊಳ್ಳದೆ ನಗುತ್ತಾಳೆ ಎನ್ನುವುದು ಅವತ್ತು ಎಲ್ಲರಿಗೂ ಗೊತ್ತಾಯಿತು. ಆಮೇಲಿನ ಕರೆಗಳು ಚೇತನಾಳ ಹೆಸರು ಹೇಳಿಕೊಂಡೇ ಬಂದವು. ಕೆಲವು ವರ್ಷಗಳಲ್ಲಿ ಅವಳು ವಿನೋದನ ಹಳೆಯ ಕ್ಯಾಮರಾವನ್ನು ತಾನೇ ಕೊಂಡು, ತನ್ನದೇ ಕೆಲಸ ಹಿಡಿದಳು.

ಮದುವೆ ಮನೆಗಳಲ್ಲಿ ಅವಳನ್ನು ಕೆಣಕುವವರು ಇದ್ದೇ ಇದ್ದರು. "ಎಲ್ಲರ ಮದುವೆ ಫೋಟೋ ತೆಗೆಯೋಳ ಮದುವೆ ಫೋಟೋ ಯಾರು ತೆಗೀತಾರೇ?" ಎಂದು ಒಬ್ಬ ಅಜ್ಜಿ ಕೇಳಿದಾಗ, "ಅದಕ್ಕೇ ಮದುವೆ ಆಗ್ಲಿಲ್ಲ ಅಜ್ಜಿ, ಬೇರೆಯವ್ರು ತೆಗೆದ್ರೆ ಹಾಳು ಮಾಡ್ತಾರೆ" ಎಂದು ಉತ್ತರ ಕೊಟ್ಟಿದ್ದಳು. ಮನೆಯಲ್ಲಿ ಅವ್ವ ಚೌಡಮ್ಮ ಮತ್ತು ಅವಳು. ಗದ್ದೆ ನೋಡಿಕೊಳ್ಳುವ ತಮ್ಮ ಅದೇ ಕೇರಿಯಲ್ಲಿ ಬೇರೆ ಮನೆ ಮಾಡಿದ್ದ.

ಅಡಿಕೆ ತೋಟದ ಹಳೆಯ ಮನೆತನಗಳಿಂದಲೂ ಕರೆ ಬರತೊಡಗಿದಾಗ ಅವಳಿಗೆ ಸಂತೋಷವಾಗಿತ್ತು. ಆ ಮನೆಗಳಲ್ಲಿ ಕಾರ್ಯವೆಂದರೆ ಗಡಿಬಿಡಿ ಇರುವುದಿಲ್ಲ. ಒಂದೊಂದು ಕ್ರಿಯೆಗೂ ಹೊತ್ತು ಕೊಡುತ್ತಾರೆ. ಹೂವು, ದರ್ಭೆ, ಹಿತ್ತಾಳೆ ಪಾತ್ರೆ ಎಲ್ಲವೂ ಅವುಗಳ ಜಾಗದಲ್ಲಿ ಇರುತ್ತವೆ. ಮೊದಲ ಸಲ ಅಂಥ ಮನೆಗೆ ಹೋದಾಗ, ನಡುಮನೆಯಲ್ಲಿ ಪೂಜೆಗೆ ಕೂತ ದಂಪತಿಯ ಮುಖ ಸಿಗಲೆಂದು ಅವಳು ಜಗಲಿಯಿಂದ ಹೊಸ್ತಿಲು ದಾಟಲು ಕಾಲೆತ್ತಿದಳು. ಒಳಗಿದ್ದ ಹಿರಿಯ ಹೆಂಗಸೊಬ್ಬರು ಬೇಸರವಿಲ್ಲದ ದನಿಯಲ್ಲಿ ಹೇಳಿದರು:

"ತಂಗಿ, ಅಲ್ಲೇ ನಿಂತ್ಕ. ಅಲ್ಲಿಂದ್ಲೇ ಚಂದ ಬರ್ತದೆ."

ಬರಬೇಡ ಎಂದು ಅವರು ಅನ್ನಲಿಲ್ಲ. ಯಾರೂ ಯಾವತ್ತೂ ಅನ್ನಲಿಲ್ಲ. ಊಟಕ್ಕೆ ಒತ್ತಾಯ ಮಾಡುತ್ತಿದ್ದರು, ಹೊರಡುವಾಗ ರವಿಕೆಯ ಕಣ ಕೊಟ್ಟು ಕುಂಕುಮ ಹಚ್ಚುತ್ತಿದ್ದರು, ಮುಂದಿನ ಕಾರ್ಯಕ್ಕೂ ನೀನೇ ಬಾ ಎನ್ನುತ್ತಿದ್ದರು. ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟದ್ದು ಅವಳಿಗೂ ಆ ಹಿರಿಯರಿಗೂ ಮಾತ್ರ ಗೊತ್ತು. ಆಮೇಲೆ ಕಾಲೆತ್ತುವ ಪ್ರಸಂಗವೇ ಬರಲಿಲ್ಲ. ಯಾವ ಮನೆಗೆ ಹೋದರೂ ಅವಳು ಮೊದಲು ನೋಡುತ್ತಿದ್ದುದು ಹೊಸ್ತಿಲನ್ನು, ಆಮೇಲೆ ಬೆಳಕನ್ನು. ಅವಳು ಬಾಗಿಲಲ್ಲಿ ನಿಂತಳೆಂದರೆ ಒಳಗಿನ ಹೆಂಗಸರೂ ತಾವಾಗಿ ಎರಡು ಕಡೆ ಸರಿದು ನಡುವೆ ಒಂದು ಓಣಿಯಷ್ಟು ಜಾಗ ಬಿಡುತ್ತಿದ್ದರು. ಅದೂ ಯಾರೂ ಹೇಳಿ ಕಲಿಸಿದ್ದಲ್ಲ.

ಚೇತನಾ ಮಡಿಯನ್ನು ಹಗುರವಾಗಿ ಕಂಡವಳಲ್ಲ. ತೋಟದ ಮನೆಯ ಕಾರ್ಯಕ್ಕೆ ಹೋಗುವ ಹಿಂದಿನ ದಿನ ಅವಳು ಮೀನು ಮುಟ್ಟುತ್ತಿರಲಿಲ್ಲ. ಅವ್ವ ಬಂಗಡೆ ಸಾರು ಮಾಡಿದ್ದರೆ ಮಜ್ಜಿಗೆಯಲ್ಲಿ ಊಟ ಮುಗಿಸುತ್ತಿದ್ದಳು. ಕ್ಯಾಮರಾದ ತೊಗಲಿನ ಪಟ್ಟಿಯನ್ನು ಬಿಚ್ಚಿ ಹತ್ತಿ ದಾರದ ಪಟ್ಟಿ ಹಾಕಿಸಿದ್ದಳು. ಇದನ್ನು ಯಾರೂ ಕೇಳಿರಲಿಲ್ಲ, ಯಾರೂ ಗಮನಿಸಲೂ ಇಲ್ಲ. ದೇವರಿಗೆ ನಡೆಯುವ ಕೆಲಸದಲ್ಲಿ ತನ್ನ ಪಾಲೂ ಶುದ್ಧವಾಗಿರಲಿ ಎನ್ನುವುದಷ್ಟೇ ಅವಳ ಮನಸ್ಸು. ಹೊಸ್ತಿಲ ಹೊರಗೆ ನಿಂತವರ ನಮಸ್ಕಾರವೂ ದೇವರಿಗೆ ಮುಟ್ಟುತ್ತದೆ. ಕ್ಯಾಮರಾಕ್ಕೆ ಆ ಶಕ್ತಿ ಇಲ್ಲ. ಅದು ನಿಂತ ಜಾಗದಿಂದ ಕಂಡದ್ದನ್ನು ಮಾತ್ರ ಹಿಡಿಯುತ್ತದೆ.

ಅವಳಿಗೆ ಬಹಳ ವರ್ಷಗಳಿಂದ ಒಂದು ಚಿತ್ರದ ಆಸೆ ಇತ್ತು. ಉಪನಯನದ ಬೆಳಿಗ್ಗೆ ಮಾತೃಭೋಜನವೆಂದು ಮಾಡುತ್ತಾರೆ. ವಟು ತಾಯಿಯ ಜೊತೆ ಒಂದೇ ಎಲೆಯಲ್ಲಿ ಕೂತು ಉಣ್ಣುತ್ತಾನೆ. ಮಗುವಾಗಿ ತಾಯಿಯ ಕೈತುತ್ತು ತಿನ್ನುವುದು ಅದೇ ಕೊನೆ. ಎಷ್ಟೇ ಗಟ್ಟಿ ಹೆಂಗಸಾದರೂ ಆ ಕೊನೆಯ ತುತ್ತಿಗೆ ಮುಖ ಬದಲಾಗುತ್ತದೆ. ಚೇತನಾ ಅದನ್ನು ಎಷ್ಟೋ ಉಪನಯನಗಳಲ್ಲಿ ಬಾಗಿಲಿನಿಂದ ತೆಗೆದಿದ್ದಳು. ಹಳೆಯ ಕ್ಯಾಮರಾದಲ್ಲಿ ಅದು ಕತ್ತಲೆಯ ನಡುವೆ ಎರಡು ಸಣ್ಣ ಆಕೃತಿಗಳಾಗಿ ಬರುತ್ತಿತ್ತು. ಹಿಗ್ಗಿಸಿದರೆ ತಾಯಿಯ ಕಣ್ಣೀರು ಯಾವುದು, ಬೆಳಕು ಸಾಲದೆ ಚಿತ್ರದಲ್ಲಿ ಎದ್ದ ಕಾಳುಕಾಳು ಯಾವುದು ಎಂದು ತಿಳಿಯುತ್ತಿರಲಿಲ್ಲ. ಆ ಮುಖವನ್ನು ಒಂದು ಸಲ ಸರಿಯಾಗಿ ಹಿಡಿಯಬೇಕು ಎಂದು ಅವಳು ಅವ್ವನ ಹತ್ತಿರ ಆಗಾಗ ಹೇಳುತ್ತಿದ್ದಳು.

ಹೊಸ ಕ್ಯಾಮರಾ ಕೊಳ್ಳಲು ಹೊರಟದ್ದು ಮುಖ್ಯವಾಗಿ ಅದಕ್ಕೇ. ಶಿರಸಿಯಲ್ಲಿ ಸ್ಟುಡಿಯೋ ಸಾಮಾನು ಮಾರುವ, ಬಾಡಿಗೆಗೂ ಕೊಡುವ ರಘುಪತಿ ಅವಳಿಗೆ ಹಳೆಯ ಪರಿಚಯ. ಈಗಿನವೆಲ್ಲ ಮಿರರ್‌ಲೆಸ್ ಎಂದು ಅವನು ವಿವರಿಸಿದ. ಒಳಗೆ ಕನ್ನಡಿ ಇಲ್ಲ, ಹಾಗಾಗಿ ಒತ್ತಿದಾಗ ಟಕ್ ಎನ್ನುವ ಸದ್ದೂ ಬೇಕಿಲ್ಲ. ಆ ಸದ್ದಿಗೆ ಮಂತ್ರ ನಿಲ್ಲಿಸಿ ತಿರುಗಿ ನೋಡಿದ ಪುರೋಹಿತರು ಚೇತನಾಳ ನೆನಪಿನಲ್ಲಿದ್ದರು. ಅವಳಿಗೆ ಎಟುಕುವಂಥವು ಎರಡಿದ್ದವು, ಎರಡೂ ಆ ಸಾಲಿನಲ್ಲಿ ಕೆಳಗಿನ ಮೆಟ್ಟಿಲಿನವು. ರಘುಪತಿ ಎರಡನ್ನೂ ಗಾಜಿನ ಮೇಲೆ ಇಟ್ಟ. ಅವಳು ಒಂದನ್ನು ಎತ್ತುವುದು, ಇಡುವುದು, ಇನ್ನೊಂದನ್ನು ಎತ್ತುವುದು ನಡೆದೇ ಇತ್ತು.

"ಏನು ಚೇತನಕ್ಕ, ಒಬ್ಬ ಗಂಡಿಗೆ ಅಕ್ಕ ತಂಗಿ ಇಬ್ಬರನ್ನೂ ನೋಡಿದ ಹಾಗೆ ಮಾಡ್ತೀರಲ್ಲ. ಯಾವುದಕ್ಕಾದ್ರೂ ಹೂಂ ಅನ್ನಿ" ಎಂದ ರಘುಪತಿ. ಕೊನೆಗೆ ಅವನೇ ಬೇಸತ್ತು, ಎರಡನ್ನೂ ಮನೆಗೆ ಒಯ್ದು ನೋಡಿಕೊಂಡು ಬನ್ನಿ ಎಂದು ಚೀಲಕ್ಕೆ ಹಾಕಿಕೊಟ್ಟ.

ಎರಡರಲ್ಲಿ ಒಂದು ಸಣ್ಣದು, ಅಂಗೈಯಲ್ಲಿ ಕೂರುವಂಥದ್ದು. ಅದರ ಜೊತೆಯ ಲೆನ್ಸ್ ಮೋಟು, ಅಗಲಕ್ಕೆ ಹಿಡಿಯುತ್ತದೆ. ಕೈ ಸ್ವಲ್ಪ ಅಲುಗಿದರೂ ಚಿತ್ರ ಅಲುಗದಂತೆ ಕ್ಯಾಮರಾದ ಒಳಗೇ ಏರ್ಪಾಡು ಇದೆ. ಬೆಳಕು ಕಡಿಮೆ ಇದ್ದರೂ ಬಣ್ಣ ಸಾಯುವುದಿಲ್ಲ. ಇನ್ನೊಂದು ಸ್ವಲ್ಪ ದೊಡ್ಡದು. ಅದಕ್ಕೆ ಮೋಟು ಲೆನ್ಸನ್ನಾದರೂ ತೆಗೆದುಕೊಳ್ಳಬಹುದು, ಉದ್ದದ್ದನ್ನಾದರೂ ತೆಗೆದುಕೊಳ್ಳಬಹುದು. ಎರಡೂ ಬೇಕೆಂದರೆ ಬೆಲೆ ಅವಳ ಕೈ ಮೀರುತ್ತಿತ್ತು. ಉದ್ದದ್ದನ್ನು ಹಾಕಿದರೆ ದೂರದ್ದು ಕಣ್ಣ ಮುಂದೆ ಬಂದು ನಿಲ್ಲುತ್ತದೆ, ಓಡುವುದನ್ನೂ ಬಿಡದೆ ಹಿಂಬಾಲಿಸುತ್ತದೆ. ಹಳೆಯ ಕ್ಯಾಮರಾದ ಲೆನ್ಸ್ ಈ ಎರಡಕ್ಕೂ ಕೂರುವುದಿಲ್ಲ. ಹಳೆಯದನ್ನು ಪೂರ್ತಿಯಾಗಿ ಬದಲಿಗೆ ಕೊಟ್ಟರೆ ಮಾತ್ರ ಹೊಸದು ಎಂದು ಮಾತಾಗಿತ್ತು.

ಅವಳು ಎರಡನ್ನೂ ಕೊರಳಿಗೆ ಹಾಕಿಕೊಂಡು ಊರು ಸುತ್ತಿದಳು. ಶಾಲೆಯ ಬಯಲಿನ ವಾಲಿಬಾಲ್ ಆಟದಲ್ಲಿ, ಉದ್ದದ ಲೆನ್ಸ್ ಹಾಕಿದ ದೊಡ್ಡದು ಗೆದ್ದಿತು. ಹಾರಿ ಹೊಡೆದವನ ಕುತ್ತಿಗೆಯ ನರವೂ ಅದರಲ್ಲಿ ಬಂದಿತ್ತು. ಸಣ್ಣದರಲ್ಲಿ ಆಟಗಾರರಿಗಿಂತ ಬಯಲೇ ಹೆಚ್ಚು ಕಂಡಿತು. ಗದ್ದೆಯ ಅಂಚಿನಲ್ಲಿ ಕೂತ ಮಿಂಚುಳ್ಳಿಯೂ ದೊಡ್ಡದಕ್ಕೇ ಸಿಕ್ಕಿತು. ತಮ್ಮನ ಕೂಸನ್ನು ತೊಟ್ಟಿಲಲ್ಲಿ ತೆಗೆಯಲು ಹೋದಾಗ ದೊಡ್ಡದು ಸೋತಿತು. ಹತ್ತಿರ ಹೋದರೆ ಅದು ಮಂಜಾಗಿ ತಡಕಾಡುತ್ತದೆ, ದೂರ ಸರಿದರೆ ಗೋಡೆ ಬೆನ್ನಿಗೆ ತಾಗುತ್ತದೆ. ಸಣ್ಣದು ತೊಟ್ಟಿಲ ಮೇಲೆ ಬಗ್ಗಿ ಕೂಸಿನ ಉಸಿರನ್ನೇ ಹಿಡಿದಂತೆ ಹಿಡಿಯಿತು.

ಆಮೇಲೆ ಅಡುಗೆಮನೆಗೆ ಬಂದಳು. ಚೌಡಮ್ಮ ಒಲೆಯ ಮುಂದೆ ಕೂತು ಅನ್ನದ ಗಂಜಿ ಬಸಿಯುತ್ತಿದ್ದರು. ಒಂದು ಹೆಂಚಿನ ಕಿಂಡಿಯ ಬೆಳಕು ಬಿಟ್ಟರೆ ಕೋಣೆ ಕತ್ತಲೆ. ಚೇತನಾ ಸಣ್ಣದನ್ನು ಹಿಡಿದು ಅವ್ವನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು.

"ಹೊಗೆಯಲ್ಲಿ ಕೂತ ಮುದುಕಿ ಫೋಟೋ ಎಂತಕ್ಕೇ? ನನ್ನ ಕೆಮ್ಮೂ ಬಂತಾ ಅದ್ರಲ್ಲಿ?"

ಕೆಮ್ಮು ಬಂದಿರಲಿಲ್ಲ, ಉಳಿದದ್ದೆಲ್ಲ ಬಂದಿತ್ತು. ಕೆನ್ನೆಯ ಮೇಲೆ ಬೆಂಕಿಯ ಕೆಂಪು, ಹಣೆಯ ಬೆವರು, ಮಗಳ ಕಡೆಗೆ ತಿರುಗಿದ ಅರ್ಧ ನಗು, ಎಲ್ಲವೂ. ಚೌಡಮ್ಮ ಸೆರಗಿನಿಂದ ಕಣ್ಣೊರಸಿಕೊಂಡು ಪರದೆಯನ್ನು ಬಹಳ ಹೊತ್ತು ನೋಡಿದರು. "ಇದೇ ತಗ ಮಗಾ. ಇದ್ರಲ್ಲಿ ನಾನು ನನ್ನ ಹಾಗೇ ಕಾಣ್ತೀನಿ" ಎಂದರು.

"ಚಂದ ಬಂದದೆ ಅವ್ವ. ಆದ್ರೆ ನಮ್ಮನೆ ಒಳಗೆ ತೆಗೆದ ಫೋಟೋಕ್ಕೆ ಯಾರು ದುಡ್ಡು ಕೊಡ್ತಾರೆ?"

ಅವ್ವನಿಗೆ ಅದು ಅರ್ಥವಾಗದೆ ಇರಲಿಲ್ಲ. ಗಂಜಿಯ ಪಾತ್ರೆಯನ್ನು ಸರಿಸಿಟ್ಟರು.

ಸಣ್ಣದರಿಂದ ಏನೇನು ತೆಗೆಯಬಹುದು ಎಂದು ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದಳು. ಸೀಮಂತ, ತೊಟ್ಟಿಲು, ತಮ್ಮ ಜನರ ಮನೆಯ ಮದುವೆ. ಆದರೆ ತಮ್ಮವರು ಈಗ ಮದುವೆಯನ್ನು ಸಭಾಭವನದಲ್ಲಿ ಮಾಡುತ್ತಿದ್ದರು, ಅಲ್ಲಿ ವೇದಿಕೆಯ ಕೆಳಗೆ ನಿಂತು ತೆಗೆಯಲು ಉದ್ದದ್ದೇ ಸರಿ. ಮನೆಯೊಳಗೆ ಕಾರ್ಯ ಮಾಡುವವರು ತೋಟದವರು. ಅಲ್ಲಿ ಅವಳ ಜಾಗ ಬಾಗಿಲು. ಬಾಗಿಲಿನಿಂದ ಒಳಗಿನ ತಾಯಿಯ ಮುಖ ಸಿಗಬೇಕೆಂದರೆ ಉದ್ದದ್ದೇ ಬೇಕು. ಅವಳು ದೊಡ್ಡ ಕ್ಯಾಮರಾವನ್ನು ಉದ್ದದ ಲೆನ್ಸಿನ ಜೊತೆ ತೆಗೆದುಕೊಂಡಳು. ಸಣ್ಣದನ್ನು ವಾಪಸು ಕೊಡುವಾಗ ಅವ್ವನ ಚಿತ್ರವನ್ನು ಮಾತ್ರ ತನ್ನ ಫೋನಿಗೆ ಹಾಕಿಕೊಂಡಳು.

ಮೊದಲು ಎಲ್ಲವೂ ಅವಳು ಎಣಿಸಿದ ಹಾಗೇ ಆಯಿತು. ಬಾಗಿಲಲ್ಲಿ ನಿಂತು ತೆಗೆದ ಚಿತ್ರಗಳಲ್ಲಿ ಮುಖಗಳು ಹತ್ತಿರ ಬಂದವು. ಹೋಮದ ಹೊಗೆಯಾಚೆ ಮದುಮಗಳ ಕಣ್ಣು ಸ್ಪಷ್ಟವಾಗಿ ಕಂಡಿತು. ಇಷ್ಟು ದೂರದಿಂದ ಹೇಗೆ ತೆಗೆದೆಯೇ ಎಂದು ಜನ ಹೊಗಳಿದರು. ದೂರದಿಂದ ಯಾಕೆ ಎಂದು ಯಾರೂ ಕೇಳಲಿಲ್ಲ.

ಆಗ ಅಭಿಜ್ಞಾಳ ಫೋನು ಬಂತು. ಅಭಿಜ್ಞಾ ಸಿದ್ದಾಪುರ ಕಡೆಯ ತೋಟದ ಮನೆಯ ಮಗಳು. ಅವಳ ಮದುವೆಯ ಚಿತ್ರಗಳನ್ನು ಚೇತನಾಳೇ ತೆಗೆದಿದ್ದಳು. ಈಗ ಯಲ್ಲಾಪುರ ತಾಲೂಕಿನ ವಜ್ರಳ್ಳಿಯ ಹತ್ತಿರದ ಮನೆಯ ಸೊಸೆ. ಮಗ ಚಿರಂತನನ ಉಪನಯನ, ಮನೆಯಲ್ಲೇ ಮಾಡುತ್ತೇವೆ, ಬೇರೆ ಯಾರೂ ಬೇಡ, ನೀನೇ ಬಾ ಎಂದಳು. ಮಾತೃಭೋಜನದ್ದು ಮಾತ್ರ ಚೆನ್ನಾಗಿ ಬರಬೇಕು, ತನ್ನ ಗಂಡನ ಉಪನಯನದಲ್ಲಿ ಅತ್ತೆಯದ್ದು ಒಂದೂ ಫೋಟೋ ಇಲ್ಲ ಎಂದೂ ಹೇಳಿದಳು. ಚೇತನಾ ಅವ್ವನಿಗೆ, ಈ ಸಲ ಸಿಗುತ್ತದೆ ನೋಡು ಎಂದಳು. ಸಿದ್ದಾಪುರದಿಂದ ಶಿರಸಿ, ಶಿರಸಿಯಿಂದ ಯಲ್ಲಾಪುರ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹಿಂದಿನ ದಿನವೇ ಹೋದಳು. ಶಿರಸಿಯಲ್ಲಿ ಬಸ್ಸು ಬದಲಿಸುವಾಗ ರಘುಪತಿಯ ಅಂಗಡಿಯ ಎದುರೇ ಹಾದಳು. ಸಣ್ಣದನ್ನು ಬಾಡಿಗೆಗೆ ಕೇಳಬೇಕೆಂದು ಅವಳಿಗೆ ಹೊಳೆಯಲಿಲ್ಲ.

ಬೆಳಿಗ್ಗೆ ನಡುಮನೆಯಲ್ಲಿ ಎಲೆ ಹಾಕಿದರು. ಚೇತನಾ ಬಾಗಿಲಲ್ಲಿ ತನ್ನ ಜಾಗ ಹಿಡಿದು, ಅಭಿಜ್ಞಾಳ ಮುಖಕ್ಕೆ ಲೆನ್ಸ್ ಹೊಂದಿಸಿಕೊಂಡಳು. ಹೆಂಗಸರು ಎಂದಿನಂತೆ ಸರಿದು ಓಣಿ ಬಿಟ್ಟಿದ್ದರು. ಬೆಳಕು ಎಡಗಡೆಯ ಕಿಟಕಿಯಿಂದ ಬರುತ್ತಿತ್ತು. ಅಷ್ಟು ಚೆನ್ನಾಗಿ ಹೊಂದಿದ್ದು ಅವಳಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಅಭಿಜ್ಞಾ ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ತಲೆಯೆತ್ತಿದಳು.

"ಚೇತನಕ್ಕ, ಅಲ್ಲೆಂತಕ್ಕೆ ನಿಂತಿದ್ದು? ಒಳಗೆ ಬಾ. ಇಲ್ಲಿ, ನನ್ನ ಎದುರಿಗೆ ಕೂತ್ಕ."

ಅಭಿಜ್ಞಾಳ ಅತ್ತೆ ಪರಿಮಳಾ ಸೊಸೆಯ ಕಡೆ ಬಗ್ಗಿ, ಮನೆಮಾತಿನಲ್ಲಿ, ಆದರೆ ಬಾಗಿಲಿಗೂ ಕೇಳುವಷ್ಟು ಜೋರಾಗಿ, "ಭಟ್ಟರ ಎದುರಿಗೆ ಈಗೆಂತಕ್ಕೆ ಅವಳ ಒಳಗೆ ಕರೆಯದು?" ಎಂದರು.

"ಎಂತ ಆಗ್ತಿಲ್ಲೆ ಅತ್ತೆ. ಎನ್ನ ಮಗನ ಉಪನಯನ ಇದು. ಆ ಫೋಟೋ ಎನಗೆ ಬೇಕು."

ಪುರೋಹಿತರು ದರ್ಭೆ ಸರಿಪಡಿಸುತ್ತಿದ್ದರು, ತಲೆಯೆತ್ತಲಿಲ್ಲ. ಪರಿಮಳಾ ಅವರನ್ನೊಮ್ಮೆ ನೋಡಿ, ಚೇತನಾಳ ಕಡೆ ತಿರುಗಿ, "ಬಾ ಬಾ, ಅಡ್ಡಿಲ್ಲ" ಎಂದರು. ಹೇಳಿ, ತಮ್ಮ ಸೀರೆಯ ನೆರಿಗೆಯನ್ನು ಸ್ವಲ್ಪ ಎಳೆದುಕೊಂಡರು.

ಚೇತನಾ ಹೊಸ್ತಿಲು ದಾಟಿದಳು. ಅವಳು ಆಮೇಲೆ ಅವ್ವನಿಗೆ ಹೇಳಿದ್ದು, ಕಾಲಿಗೆ ಆ ನೆಲ ಬಹಳ ತಣ್ಣಗಿತ್ತು ಎಂದು. ಅವಳು ಒಳಗೆ ಬಂದದ್ದೇ ಓಣಿ ಬಿಟ್ಟಿದ್ದ ಹೆಂಗಸರು ಹಿಂದಿನಿಂದ ಕೂಡಿಕೊಂಡರು. ಫೋಟೋದವಳು ಒಳಗೇ ಬಂದಳಲ್ಲ, ಇನ್ನು ಜಾಗ ಯಾಕೆ? ಅವಳು ಅಭಿಜ್ಞಾಳ ಎದುರಿಗೆ ಮೊಣಕಾಲೂರಿ ಕ್ಯಾಮರಾ ಎತ್ತಿದಳು.

ಕಂಡದ್ದು ಮಂಜು. ಲೆನ್ಸ್ ಒಳಗೆ ಹೊರಗೆ ತಡಕಾಡಿತು. ಅಷ್ಟು ಹತ್ತಿರದ್ದನ್ನು ಅದು ಹಿಡಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ತಮ್ಮನ ಕೂಸಿನ ತೊಟ್ಟಿಲಲ್ಲೇ ನೋಡಿದ್ದಳು. ಹಿಂದಕ್ಕೆ ಸರಿದಳು. ಈಗ ಮಂಜು ಹೋಗಿ ಒಂದು ಕಿವಿ, ಕಿವಿಯ ವಾಲೆ, ಅರ್ಧ ಕೆನ್ನೆ ಕಂಡವು. ತಾಯಿ ಬಂದರೆ ಮಗನಿಲ್ಲ, ಮಗ ಬಂದರೆ ತಾಯಿಯ ಕೈ ಇಲ್ಲ. ಇನ್ನೂ ಸರಿದಳು. ಬೆನ್ನಿಗೆ ಗೋಡೆ ತಾಗಿತು. ಅಭಿಜ್ಞಾ ಅನ್ನ ಕಲಸಿದಳು. ಪಕ್ಕದಲ್ಲಿ ಕೂತವರು, ಸುಮ್ಮನೆ ಕೂತ್ಕೊಳ್ಳೇ ಎಂದು ಗೊಣಗಿದರು. ಚೀಲದಲ್ಲಿದ್ದ ಫೋನು ನೆನಪಾಯಿತು. ಕೋಣೆ ತುಂಬ ಫೋನುಗಳೇ ಎದ್ದಿದ್ದವು. ಕರೆಸಿಕೊಂಡು ಬಂದ ಫೋಟೋದವಳು ಫೋನು ಹಿಡಿಯುವುದು ಹೇಗೆ ಎಂದು ಅವಳ ಕೈ ಹೋಗಲಿಲ್ಲ. ದೂರ ಸಿಗುವುದು ಬಾಗಿಲಿನಾಚೆ ಮಾತ್ರ. ಅವಳು ಹೆಂಗಸರ ನಡುವೆ ದಾರಿ ಮಾಡಿಕೊಂಡು ಮತ್ತೆ ಹೊಸ್ತಿಲ ಹೊರಗೆ ಹೋಗಿ ನಿಂತು ಕ್ಯಾಮರಾ ಎತ್ತಿದಳು.

ಓಣಿ ಇರಲಿಲ್ಲ. ಲೆನ್ಸಿನ ತುಂಬ ಯಾರದೋ ತುರುಬು, ತುರುಬಿನಲ್ಲಿ ಅಬ್ಬಲಿಗೆ ದಂಡೆ. ಸ್ವಲ್ಪ ಸರೀರಿ ಎಂದು ಅವಳು ಮೆಲ್ಲಗೆ ಕೇಳಿದಳು. ಮಂತ್ರದ ನಡುವೆ ಅದು ಯಾರಿಗೂ ಕೇಳಲಿಲ್ಲ. ಒಳಗೆ ಹುಡುಗ ಬಿಕ್ಕಿದ ಸದ್ದು ಬಂತು, ಹೆಂಗಸರೆಲ್ಲ ಅಯ್ಯೋ ಎಂದು ಒಟ್ಟಿಗೆ ನಕ್ಕರು, ಯಾರೋ ಮೂಗೊರೆಸಿಕೊಂಡರು. ಕೊನೆಯ ತುತ್ತು ಆಗಿಹೋಗಿತ್ತು.

ಉಳಿದ ಚಿತ್ರಗಳೆಲ್ಲ ಚೆನ್ನಾಗಿದ್ದವು. ಅಂಗಳದ ಚಪ್ಪರದಲ್ಲಿ ಭಿಕ್ಷೆಗೆ ನಿಂತ ವಟುವಿನ ಮುಖ, ಅಜ್ಜನ ಕೈಯ ದಂಡ, ಎಲ್ಲವನ್ನೂ ಉದ್ದದ ಲೆನ್ಸ್ ನಿಚ್ಚಳವಾಗಿ ಹಿಡಿದಿತ್ತು. ಚೇತನಾ ಅವುಗಳನ್ನು ಕಳಿಸಿದಳು. ಮಾತೃಭೋಜನದ ಜಾಗದಲ್ಲಿ ಕಳಿಸಲು ಏನೂ ಇರಲಿಲ್ಲ. ಅಭಿಜ್ಞಾ ನೋಡಿ ಫೋನು ಮಾಡಿದಳು. ಅವಳು ರೇಗಲಿಲ್ಲ. ನಾದಿನಿ ಫೋನಿನಲ್ಲಿ ತೆಗೆದದ್ದು ಒಂದಿದೆ, ಆಲ್ಬಮ್ಮಿಗೆ ಅದನ್ನೇ ಹಾಕು ಎಂದಳು. ಆಮೇಲೆ ಕೇಳಿದಳು:

"ಅತ್ತೆಗೆ ಎದುರು ಹೇಳಿ ನಿನ್ನ ಒಳಗೆ ಕರೆದೆ ನಾನು. ನೀನೇ ಎದ್ದು ಹೊರಗೆ ಹೋಗಿ ನಿಂತೆಯಲ್ಲ. ಯಾಕೆ ಹಾಗೆ ಮಾಡಿದೆ?"

ಲೆನ್ಸ್ ಉದ್ದದ್ದು, ಒಳಗಿನಿಂದ ಹಿಡಿಯುವುದಿಲ್ಲ ಎಂದು ಚೇತನಾ ಹೇಳಿದಳು.

"ಮನೆ ಒಳಗಿನ ಕಾರ್ಯಕ್ಕೆ ಉದ್ದದ್ದು ಎಂತಕ್ಕೆ ತಂದೆ ಹಾಗಾದ್ರೆ?"

ಇದಕ್ಕೆ ಉತ್ತರ ಇತ್ತು. ನಿಮ್ಮ ತವರಿನಲ್ಲೂ, ನಿಮ್ಮ ಮದುವೆಯಲ್ಲೂ, ನಾನು ಹೋದ ನಿಮ್ಮವರ ಅಷ್ಟೂ ಮನೆಗಳಲ್ಲೂ ನಾನು ನಿಂತದ್ದು ಹೊರಗೆ, ಅದಕ್ಕೆ. ಆದರೆ ಇಷ್ಟು ವರ್ಷಗಳಲ್ಲಿ ಒಳಗೆ ಬಾ ಎಂದ ಒಬ್ಬಳೇ ಒಬ್ಬಳಿಗೆ ಆ ಮಾತನ್ನು ಹೇಗೆ ಹೇಳುವುದು? ಚೇತನಾ, "ತಪ್ಪಾಯ್ತು" ಎಂದಳು. ಅಭಿಜ್ಞಾ ಅದನ್ನು ಒಪ್ಪಿಕೊಂಡಳು.

ತಪ್ಪು ಒಪ್ಪಿಕೊಂಡ ಮೇಲೆ ಅದು ಅವಳದ್ದೇ ಆಯಿತು. ಯಲ್ಲಾಪುರದ ಕಡೆಯ ಒಂದು ಮದುವೆಯಲ್ಲಿ, ಹೂವು ಕಟ್ಟುತ್ತಿದ್ದ ಹೆಂಗಸೊಬ್ಬಳು ಪಕ್ಕದವಳಿಗೆ ಇವಳನ್ನು ತೋರಿಸಿ, "ಬಾ ಅಂದ್ರೂ ಒಳಗೆ ಬರದೇ ಓಡಿದವಳು ಇವಳೇ. ಇವಳದ್ದು ನಮಗಿಂತ ಜೋರು ಮಡಿಯಂತೆ" ಎಂದಳು. ಇಬ್ಬರೂ ನಕ್ಕರು. ಅದರಲ್ಲಿ ಕೇಡಿನ ಮಾತೇನೂ ಇರಲಿಲ್ಲ. ಪರಿಮಳಾ ಮಾತ್ರ ಯಾರ ಹತ್ತಿರವೋ, ಅವಳಿಗೆ ತನ್ನ ಜಾಗ ಗೊತ್ತಿದೆ, ಒಳ್ಳೆಯ ಹುಡುಗಿ ಎಂದು ಹೊಗಳಿದ್ದರಂತೆ. ಎರಡು ಮಾತುಗಳಲ್ಲಿ ಚೇತನಾಳಿಗೆ ಹೆಚ್ಚು ಉರಿದದ್ದು ಇದು. ಅಭಿಜ್ಞಾಳ ಮೈದುನನ ಮದುವೆಗೆ ಹುಬ್ಬಳ್ಳಿಯಿಂದ ಫೋಟೋದವರು ಬಂದರು.

ಅವಳು ಶಿರಸಿಗೆ ಹೋಗಿ ರಘುಪತಿಯ ಮುಂದೆ ಕೂತಳು. ಬಳಸಿದ್ದನ್ನು ವಾಪಸು ತೆಗೆದುಕೊಳ್ಳಲು ಅವನಿಗೂ ಆಗುವುದಿಲ್ಲ. ಸಣ್ಣದನ್ನು ಬೇಕಾದಾಗ ಬಾಡಿಗೆಗೆ ಒಯ್ಯಿ, ಮೊದಲೇ ತಿಳಿಸಿದರೆ ಎತ್ತಿಟ್ಟಿರುತ್ತೇನೆ ಎಂದ. ಪ್ರತಿ ಕಾರ್ಯಕ್ಕೂ ಬಾಡಿಗೆ ಕೊಟ್ಟರೆ ಅವಳಿಗೆ ಉಳಿಯುವುದು ಬಸ್ಸಿನ ಚೀಟಿ ಮಾತ್ರ. ಬೇಕಾದಾಗ ಮಾತ್ರ ಒಯ್ಯಬೇಕು. ಬೇಕೋ ಬೇಡವೋ ಎಂದು ಮೊದಲೇ ತಿಳಿಯಬೇಕಾದರೆ, ಒಳಗೆ ಬಿಡುತ್ತೀರೋ ಎಂದು ಮನೆಯವರನ್ನು ಕೇಳಬೇಕು.

ಇದನ್ನು ಕೇಳುವುದು ಹೇಗೆಂದು ಅವಳು ಅವ್ವನ ಹತ್ತಿರ ಚರ್ಚಿಸಿದಳು. ಕೇಳಬೇಡ ಎಂದರು ಚೌಡಮ್ಮ. ಕೇಳಿದರೆ ಒಳಗೆ ಬಿಡುವವರಿಗೂ ಸಿಟ್ಟು, ಬಿಡದವರಿಗೂ ಸಿಟ್ಟು. ಇವರು ಒಳಗೆ ಬಿಡದ ಜನ ಎಂದು ಬಾಯಿಬಿಟ್ಟು ಹೇಳಿದ ಹಾಗೆ ಆಗುತ್ತದೆ. ಇವತ್ತಿನ ಕಾಲದಲ್ಲಿ ಅದನ್ನೆಲ್ಲ ಯಾರು ನೋಡುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ, ಕಾರ್ಯದ ದಿನ ಹೊಸ್ತಿಲು ಇದ್ದಲ್ಲೇ ಇರುತ್ತದೆ.

ಆದರೂ ಅವಳು ಒಮ್ಮೆ ಕೇಳಿದಳು. ಸಿದ್ದಾಪುರದ ಹತ್ತಿರದ ತೋಟದ ಮನೆಯ ಯಜಮಾನರೊಬ್ಬರು ಮೊಮ್ಮಗನ ಉಪನಯನಕ್ಕೆ ಕರೆದಿದ್ದರು. ಮೃದು ಮಾತಿನವರು, ಅವಳ ಕೆಲಸ ಮೆಚ್ಚಿದವರು. ದಿನ, ಹೊತ್ತು, ಊಟದ ವ್ಯವಸ್ಥೆ ಎಲ್ಲ ಹೇಳಿ ಮುಗಿಸಿದರು. ಚೇತನಾ, ಯಾವ ಕ್ಯಾಮರಾ ತರಬೇಕೆಂದು ತಿಳಿಯಲಿಕ್ಕೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ ಎಂದು ಮೊದಲು ಹೇಳಿಕೊಂಡಳು. ಆಮೇಲೆ ಕೇಳಿದಳು:

"ಮಾತೃಭೋಜನದ ಹೊತ್ತಿಗೆ ನಾನು ಎಲ್ಲಿವರೆಗೆ ಬರಬಹುದು?"

ಅವರು ನಕ್ಕರು. ಬೈಗುಳವಿಲ್ಲದ, ಬೇಸರವೂ ಇಲ್ಲದ ನಗು.

"ಎಂತ ತಂಗಿ, ಹೊಸಬರ ಹಾಗೆ ಕೇಳ್ತೀಯಲ್ಲ. ನಿಂಗೆ ಗೊತ್ತಿಲ್ದೇ ಇದ್ದದ್ದಾ?"

"ಗೊತ್ತು" ಎಂದಳು ಚೇತನಾ.

ಸಣ್ಣ ಕ್ಯಾಮರಾಕ್ಕಾಗಿ ರಘುಪತಿಗೆ ಫೋನು ಮಾಡುವ ಅಗತ್ಯ ಬೀಳಲಿಲ್ಲ.